ಹೊರಗಿಂದ ಬಂದವರು ಮತ್ತು ನಮ್ಮ ಕಾಫಿ ಸೀಮೆ: ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ತವರು ಅರಕಲಗೂಡು ತಾಲ್ಲೂಕು, ಮದುವೆಯಾಗಿ ಬಂದಿದ್ದು ಮೂಡಿಗೆರೆ ಕಡೆಗೆ. ಎಂಟು ಎಕರೆ ಕಾಫಿ, ಮರಕ್ಕೆ ಹಬ್ಬಿಸಿರೋ ಮೆಣಸು, ಕೆಳಗೆ ಗದ್ದೆ ಪಕ್ಕ ಸ್ವಲ್ಪ ಅಡಿಕೆ. ಐದಾರು ವರ್ಷದಿಂದ ನಮ್ಮಲ್ಲಿ ಕೆಲಸಕ್ಕೆ ಅಸ್ಸಾಂನವರು ಇದಾರೆ, ಅವತ್ತಿಂದ ಮದುವೆ ಊಟದ ಪಂಕ್ತೀಲಿ, ಸ್ತ್ರೀಶಕ್ತಿ ಸಂಘದ ಮೀಟಿಂಗಲ್ಲಿ, ಫ್ಯಾಮಿಲಿ ವಾಟ್ಸಾಪಲ್ಲಿ ಎಲ್ಲಾ ಕಡೆ ಅವೇ ಪ್ರಶ್ನೆಗಳು ಬರ್ತಿವೆ. ಪ್ರತಿ ಸಲ ನಿಂತ್ಕೊಂಡು ಅರ್ಧರ್ಧ ಹೇಳೋ ಬದಲು ಒಂದೇ ಕಡೆ ಬರೆದಿಡೋಣ ಅಂತ ಕೂತೆ.

ವಲಸಿಗರು ಅಂದ್ರೆ ಯಾರು? ಬಿಹಾರ, ಅಸ್ಸಾಂನವರು ತಾನೆ?

ಅವರೂ ಹೌದು, ಅವರು ಮಾತ್ರ ಅಲ್ಲ. ಹುಟ್ಟಿದ ಅಥವಾ ಮೊದಲಿದ್ದ ಊರು ಬಿಟ್ಟು ಬೇರೆ ಕಡೆ ಬಂದು ನೆಲೆ ನಿಂತೋರೆಲ್ಲ ಜನಗಣತಿ ಲೆಕ್ಕದಲ್ಲಿ ವಲಸಿಗರೇ. 2011ರ ಜನಗಣತೀಲಿ ಆ ಥರದವರು ದೇಶದಲ್ಲಿ 45 ಕೋಟಿಗೂ ಜಾಸ್ತಿ ಇದ್ರು, ಅಂದ್ರೆ ಮೂರು ಜನರಲ್ಲಿ ಒಬ್ಬರಿಗಿಂತ ಹೆಚ್ಚು. ಅದರಲ್ಲಿ ದೊಡ್ಡ ಪಾಲು ಯಾರ್ದು ಗೊತ್ತಾ, ಮದುವೆಯಾಗಿ ಗಂಡನ ಮನೆಗೆ ಬಂದ ಹೆಣ್ಣುಮಕ್ಕಳದ್ದು. ನಾನೂ ಆ ಲೆಕ್ಕದೊಳಗಿನವಳೇ. ರಾಗಿ ಆಲೂಗಡ್ಡೆ ಬೆಳೆಯೋ ಕಡೆಯಿಂದ ಬಂದವಳಿಗೆ ಜೂನ್ ಜುಲೈ ಮಳೇಲಿ ಬಟ್ಟೆ ಒಣಗ್ಸೋದು ಹೆಂಗೆ, ಜಿಗಣೆ ಬಿಡ್ಸೋದು ಹೆಂಗೆ ಅಂತ ಕಲಿಸಿದ್ದು ನಮ್ಮತ್ತೆ, ಒಂದು ವರ್ಷ ಹಿಡೀತು. ಲೈನ್ ಮನೆಗೆ, ಅಂದ್ರೆ ತೋಟದ ಕೆಲಸದವರು ಇರೋ ಸಾಲುಮನೆಗೆ, ಹೊಸದಾಗಿ ಬಂದ ಹುಡುಗಿ ಮಳೆ ನೋಡ್ತಾ ಬಾಗಿಲಲ್ಲಿ ಸುಮ್ನೆ ನಿಂತಿದ್ರೆ ನನಗೆ ಆ ವರ್ಷ ನೆನಪಾಗುತ್ತೆ.

ನಮ್ಮ ಕಡೆಗೆ ಹೊರಗಿನವರು ಬರೋಕೆ ಶುರುವಾಗಿದ್ದು ಈಗ ಹತ್ತು ಹದಿನೈದು ವರ್ಷದಿಂದ ಅಲ್ವಾ?

ಇಲ್ಲ. ಬೇಲೂರು ದೇವಸ್ಥಾನದಿಂದಲೇ ಶುರು ಮಾಡಿ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ್ದು ಅಂತ ನಾವೆಲ್ಲ ಸ್ಕೂಲಲ್ಲಿ ಓದಿದೀವಿ, ಕೆತ್ತಿದೋರು ಯಾರು ಅಂತ ಕೇಳಿದ್ರೆ ಜಕಣಾಚಾರಿ ಕತೆ ಹೇಳ್ತೀವಿ, ಆದ್ರೆ ಕಲ್ಲಿನ ಮೇಲೆ ಶಿಲ್ಪಿಗಳೇ ತಮ್ಮ ಹೆಸರು ಕೆತ್ತಿಟ್ಟಿದಾರೆ. ಅದರಲ್ಲಿ ದಾಸೋಜ, ಅವನ ಮಗ ಚಾವಣ ಅಂತ ಇಬ್ಬರು ಬಳ್ಳಿಗಾವೆಯವರು, ಅಂದ್ರೆ ಈಗಿನ ಶಿಕಾರಿಪುರದ ಕಡೆಯವರು. ಬಸ್ಸಿಲ್ಲದ ಕಾಲದಲ್ಲಿ ಉಳಿ ಸುತ್ತಿಗೆ ಕಟ್ಕೊಂಡು ಅಪ್ಪ ಮಗ ಕೆಲಸ ಹುಡುಕ್ಕೊಂಡು ಬಂದಿದಾರೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೋ ಪಟ್ಟಿಗೆ ಸೇರಿದಾಗ ನಮ್ಮ ಹಾಸನ ಅಂತ ನಾವೆಲ್ಲ ಸ್ಟೇಟಸ್ ಹಾಕಿದ್ವಿ, ಹಾಕಬೇಕಾದ್ದೇ, ಆದ್ರೆ ಆ ಕಲ್ಲಲ್ಲಿ ಪರ ಊರವರ ಬೆವರೂ ಇದೆ.

ನನ್ನ ತವರಿನ ಹತ್ರ ಕಾವೇರಿ ದಡದಲ್ಲಿ ರುದ್ರಪಟ್ಟಣ ಅಂತ ಊರಿದೆ. ಅಲ್ಲಿ ಸಂಕೇತಿ ಅನ್ನೋ ಸಮುದಾಯದವರ ಮನೆಗಳು, ಅವರ ಹಿರೀಕರು ಶತಮಾನಗಳ ಹಿಂದೆ ತಮಿಳುನಾಡಿನ ಸೆಂಗೋಟೈ ಕಡೆಯಿಂದ ಹೊರಟು ಬಂದೋರು. ಮನೇಲಿ ಆಡೋ ಮಾತಲ್ಲಿ ತಮಿಳು, ಮಲಯಾಳಂ, ಕನ್ನಡ ಮೂರೂ ಕೂಡಿವೆ. ಆ ಒಂದು ಚಿಕ್ಕ ಊರಿಂದ ಎಷ್ಟು ಜನ ಸಂಗೀತಗಾರರು ಬಂದ್ರು ಅಂದ್ರೆ ಅದನ್ನ ಸಂಗೀತ ಗ್ರಾಮ ಅಂತಾನೇ ಕರೀತಾರೆ. ಪದ್ಮಭೂಷಣ ಆರ್.ಕೆ. ಶ್ರೀಕಂಠನ್ ಅವರು ಅಲ್ಲಿನವರೇ. ನಮ್ಮಜ್ಜಿಗೆ ರಾಗ ತಾಳ ಏನೂ ಗೊತ್ತಿರ್ಲಿಲ್ಲ, ರೇಡಿಯೋದಲ್ಲಿ ಅವರ ಹೆಸರು ಬಂದ್ರೆ ಮಾತ್ರ "ನಮ್ಮ ರುದ್ರಪಟ್ಟಣದವ್ರು ಕಣೇ" ಅಂತ ಸೌಂಡ್ ಜಾಸ್ತಿ ಮಾಡೋಳು. ಅಜ್ಜಿ ಬಾಯಲ್ಲಿ ಅವರು ಯಾವತ್ತೂ ಸೆಂಗೋಟೈಯವರಾಗಿರ್ಲಿಲ್ಲ.

ಕಾಫಿ ನಮ್ಮ ಮಣ್ಣಿನ ಬೆಳೆ ಅಲ್ವಾ?

ಮಣ್ಣು ನಮ್ದು. ಗಿಡ ಬಂದಿದ್ದು. ಬಾಬಾಬುಡನ್ ಅವರು 17ನೇ ಶತಮಾನದಲ್ಲಿ ಯೆಮನ್‌ನ ಮೋಕಾ ಕಡೆಯಿಂದ ಏಳು ಕಾಫಿ ಬೀಜ ತಂದು ಚಂದ್ರದ್ರೋಣ ಬೆಟ್ಟದ ಸಾಲಲ್ಲಿ ನೆಟ್ಟರು ಅನ್ನೋ ಐತಿಹ್ಯ ನಮ್ಮ ಸೀಮೇಲಿ ಎಲ್ಲರಿಗೂ ಗೊತ್ತು. ಯೆಮನ್‌ಗೂ ಅದು ಬಂದಿದ್ದು ಸಮುದ್ರದ ಆಚೆಯ ಇಥಿಯೋಪಿಯಾದಿಂದ. ಕಾಫಿ ಅನ್ನೋ ಮಾತಿನ ಬೇರೂ ಅರಬ್ಬೀದೇ. ಮೊದಲು ಬಂದ ಈ ಜಾತಿ ಅರೇಬಿಕಾ, ರೋಬಸ್ಟಾ ಅನ್ನೋ ಇನ್ನೊಂದು ಜಾತಿ ಆಮೇಲೆ ಬಂದಿದ್ದು, ಅದೂ ಆಫ್ರಿಕಾದ್ದು. ನೆರಳಿಗೆ ಅಂತ ತೋಟದ ತುಂಬ ಹಾಕಿರೋ ಸಿಲ್ವರ್ ಓಕ್ ಆಸ್ಟ್ರೇಲಿಯಾದ ಮರ. ಅದಕ್ಕೆ ಹಬ್ಬಿಸಿರೋ ಕರಿಮೆಣಸಿನ ಬಳ್ಳಿ ಮಾತ್ರ ನಮ್ಮ ಘಟ್ಟದ್ದೇ. ನಮ್ಮ ಕಣದ ಅಂಚಲ್ಲಿ ನಿಂತ್ರೆ ಇದಿಷ್ಟೂ ಒಂದೇ ನೋಟಕ್ಕೆ ಕಾಣುತ್ತೆ, ಯಾವುದು ಸ್ವಂತದ್ದು ಯಾವುದು ಪರದೇಶದ್ದು ಅಂತ ನೋಡಿದವರಿಗೆ ಗೊತ್ತಾಗಲ್ಲ.

ಆಮೇಲೆ 19ನೇ ಶತಮಾನದಲ್ಲಿ ಯುರೋಪಿನ ಪ್ಲಾಂಟರ್‌ಗಳು ಬಂದ್ರು, ಕಾಡು ಕಡಿದು ದೊಡ್ಡ ದೊಡ್ಡ ಎಸ್ಟೇಟ್ ಮಾಡಿದ್ರು. ಇದನ್ನ ಬರೀ ಹೊಗಳಿಕೆ ಮಾಡಿ ಹೇಳೋಕೆ ನನಗೆ ಮನಸ್ಸಿಲ್ಲ. ಅವರು ಬಂದಿದ್ದು ಆಳೋರ ಕಡೆಯವರಾಗಿ, ಸಾಲದ ಅಡ್ವಾನ್ಸ್ ಕೊಟ್ಟು ಆಳುಗಳನ್ನ ಕಟ್ಟಿಹಾಕೋ ಪದ್ಧತಿ ಆ ಕಾಲದ ಎಸ್ಟೇಟ್‌ಗಳಲ್ಲಿ ಬೇರು ಬಿಡ್ತು, ಅದರ ನೋವು ಎಷ್ಟೋ ಕುಟುಂಬಗಳಲ್ಲಿ ಇನ್ನೂ ಇದೆ. ಜೊತೆಗೆ ಕೆಂಟ್ ಅನ್ನೋ ಪ್ಲಾಂಟರ್ ರೋಗ ತಡೆಯೋ ಗಿಡ ಆರಿಸಿ ಬೆಳೆಸಿದ, ಆ ಕೆಂಟ್ಸ್ ತಳಿಯನ್ನ ಇನ್ನೊಂದರ ಜೊತೆ ಕೂಡಿಸಿ ಬಂದಿದ್ದೇ ಎಸ್ 795, ಇವತ್ತಿಗೂ ನಮ್ಮ ಕಡೆ ಅರೇಬಿಕಾ ತೋಟಗಳಲ್ಲಿ ಹೆಚ್ಚಾಗಿ ಇರೋದು ಅದೇ. ಸಕಲೇಶಪುರದ ಸರ್ಕಾರಿ ಆಸ್ಪತ್ರೆನ ಜನ ಈಗಲೂ ಕ್ರಾಫರ್ಡ್ ಆಸ್ಪತ್ರೆ ಅಂತಾನೇ ಕರೆಯೋದು. ಎರಡನ್ನೂ ಒಟ್ಟಿಗೆ ನೆನಪಿಟ್ಕೋಬೇಕು.

ಅವರ ತೋಟದಲ್ಲಿ ದುಡಿದೋರು ಯಾರು? ಘಟ್ಟದ ಕೆಳಗಿನಿಂದ ತುಳು ಮಾತಾಡೋರು, ಕೊಂಕಣಿ ಕ್ರಿಶ್ಚಿಯನ್ನರು, ಬ್ಯಾರಿಗಳು, ಆ ಕಡೆಯಿಂದ ತಮಿಳರು, ಮಲಯಾಳಿಗಳು. ಮಳೆಗಾಲ ಮುಗಿದ ಮೇಲೆ ಘಟ್ಟ ಹತ್ತೋರು, ಕೊಯ್ಲು ಮುಗಿಸಿ ಇಳಿಯೋರು, ಕೊನೆಗೆ ಇಳಿಯದೇ ಇಲ್ಲೇ ಉಳಿದೋರು ಎಷ್ಟೋ ಜನ. ನಮ್ಮ ತಾಲ್ಲೂಕಲ್ಲಿ ಭೂತದ ಕೋಲನೂ ಇದೆ, ಚರ್ಚಿನ ಹಬ್ಬನೂ ಇದೆ, ಮಾರಿಯಮ್ಮನ ಗುಡಿನೂ ಇದೆ ಅಂದ್ರೆ ಇವರೆಲ್ಲ ತಲೆ ಮೇಲೆ ಗಂಟು ಹೊತ್ಕೊಂಡು ಬರುವಾಗ ದೇವರನ್ನೂ ಜೊತೆಗೆ ಕರ್ಕೊಂಡು ಬಂದಿದ್ದಕ್ಕೆ.

ಅಡಿಕೆ ಆದ್ರೂ ನಮ್ದೇ ತಾನೆ?

ಅಡಿಕೆ ನಮ್ಮಲ್ಲಿ ಹಳೇದು, ಸರಿ. ಅಡಿಕೆ ಉಳಿಸಿದ ಔಷಧಿ ಕತೆ ಕೇಳಿ. ಕೊಳೆರೋಗ ಬಂದ್ರೆ ಹಿಂದೆ ಏನ್ ಮಾಡ್ತಿದ್ರು, ಮಳೆ ತಾಕದ ಹಾಗೆ ಗೊನೆ ಗೊನೆಗೂ ಕೊಟ್ಟೆ ಅನ್ನೋ ಹೊದಿಕೆ ಕಟ್ಟೋರು, ಮರ ಮರ ಹತ್ತಿ. ಎಲ್ಲರಿಗೂ ಆಗೋ ಕೆಲಸ ಅಲ್ಲ ಅದು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಲೆಸ್ಲಿ ಕೋಲ್ಮನ್ ಅಂತ ಒಬ್ಬ ವಿಜ್ಞಾನಿ ಬಂದ, ಕೆನಡಾದವನು. ಮಲೆನಾಡಿನ ತೋಟಗಳಲ್ಲಿ ಕೊಳೆರೋಗ ಯಾಕೆ ಬರುತ್ತೆ ಅಂತ ಹುಡುಕಿ, ಅದು ಒಂದು ಶಿಲೀಂಧ್ರದ ಕೆಲಸ ಅಂತ ತೋರಿಸಿ, ಫ್ರಾನ್ಸಿನ ದ್ರಾಕ್ಷಿ ತೋಟದವರು ಬಳಸ್ತಿದ್ದ ಬೋರ್ಡೋ ದ್ರಾವಣ ಹೊಡೀರಿ ಅಂದ. ಮೈಲುತುತ್ತ, ಸುಣ್ಣ, ನೀರು, ಅಷ್ಟೇ. ನೂರು ವರ್ಷ ಕಳೀತು, ಇವತ್ತೂ ಮಳೆ ಹಿಡಿಯೋ ಮುಂಚೆ ನಮ್ಮ ಮಾವ ಬ್ಯಾರಲ್ಲಲ್ಲಿ ಸುಣ್ಣ ಕಲಸ್ತಾರೆ, ಮೈಲುತುತ್ತದ ನೀಲಿ ನೀರನ್ನ ನಿಧಾನಕ್ಕೆ ಅದಕ್ಕೆ ಹುಯ್ತಾರೆ, ಕೈಗೆಲ್ಲ ನೀಲಿ ಹತ್ತಿರುತ್ತೆ. ಇದು ಹಳೇ ಕಾಲದಿಂದ ಬಂದ ನಮ್ಮ ಪದ್ಧತಿ ಅಂತ ಅವರು ಹೇಳೋದು. ಅದೂ ಸುಳ್ಳಲ್ಲ, ಅಷ್ಟು ನಮ್ಮದಾಗಿದೆ.

ಅದೇ ಕೋಲ್ಮನ್ ಕೃಷಿ ಇಲಾಖೆ ನಿರ್ದೇಶಕರಾಗಿದ್ದಾಗಲೇ 1925ರಲ್ಲಿ ಕೊಪ್ಪ ರಸ್ತೆಯ ಬಾಳೆಹೊನ್ನೂರಿನ ಹತ್ರ ಕಾಫಿ ಪ್ರಯೋಗ ಕೇಂದ್ರ ಶುರುವಾಗಿದ್ದು. ಈಗಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಅದೇ, ನಾವು ಬೀಜ ತರೋದು ಮಣ್ಣು ಟೆಸ್ಟ್ ಮಾಡ್ಸೋದು ಎಲ್ಲ ಅವರ ಹತ್ರ.

ಹಾಸನದ ಆಲೂಗಡ್ಡೆ?

ದಕ್ಷಿಣ ಅಮೆರಿಕದ ಗಡ್ಡೆ, ಪೋರ್ಚುಗೀಸರಂಥವರ ಹಡಗಲ್ಲಿ ಬಂದಿದ್ದು, ಹಸಿಮೆಣಸಿನಕಾಯಿ ಟೊಮೇಟೊ ಥರಾನೇ. ಇನ್ನೂ ಹತ್ತಿರದ ಮಾತು ಅಂದ್ರೆ ಬಿತ್ತನೆ ಗಡ್ಡೆ ಬರೋದು ಪಂಜಾಬಿನ ಜಲಂಧರ್‌ನಿಂದ. ಏಪ್ರಿಲ್ ಮೇ ಹೊತ್ತಿಗೆ ಹಾಸನ ಎಪಿಎಂಸಿ ಯಾರ್ಡಲ್ಲಿ ಪಂಜಾಬ್ ಲಾರಿಗಳು ಸಾಲಾಗಿ ನಿಂತಿರ್ತಿದ್ದವು, ಚಿಕ್ಕವಳಿದ್ದಾಗ ಅಪ್ಪನ ಜೊತೆ ಹೋಗಿ ಪೇಟ ಕಟ್ಟಿದ ಡ್ರೈವರ್‌ಗಳನ್ನ ಮೊದಲ ಸಲ ನೋಡಿದ್ದು ಅಲ್ಲೇ. ಅಪ್ಪ ಒಂದೊಂದೇ ಗಡ್ಡೆ ಎತ್ತಿ ಕಣ್ಣು ನೋಡಿ ಮೂಗಿಗೆ ಹಿಡಿದು ಆರಿಸೋರು. ಅಂಗಮಾರಿ ರೋಗ ಬಂದ ವರ್ಷ ಎಲ್ಲ ಹೋಯ್ತು, ಅದು ಬೇರೆ ದುಃಖ.

ಹೊರಗಿನವರು ಬಂದು ನಮ್ಮ ಹುಡುಗರ ಕೆಲಸ ಕಿತ್ಕೊಳ್ತಿದಾರಲ್ವಾ?

ಇದನ್ನೇ ಎಲ್ಲರೂ ಕೇಳೋದು, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ. ನಮ್ಮ ಊರಲ್ಲಿ ಆಗಿದ್ದು ಉಲ್ಟಾ ಕ್ರಮದಲ್ಲಿ. ಮೊದಲು ನಮ್ಮ ಹುಡುಗರು ಹೋದ್ರು, ಆಮೇಲೆ ಇವರು ಬಂದ್ರು. ಲೈನಲ್ಲಿ ಹುಟ್ಟಿ ಬೆಳೆದ ಮಕ್ಕಳು ಪಿಯುಸಿ, ಐಟಿಐ ಮುಗ್ಸಿ ಬೆಂಗಳೂರಿಗೆ ಹೋದ್ರು, ಕೆಲವರು ಹಾಸನದ ಗಾರ್ಮೆಂಟ್ಸಿಗೆ, ಕೆಲವರು ಆಟೋ, ಡೆಲಿವರಿ ಅಂತ. ಅವರಪ್ಪ ಅಮ್ಮ ಬೆನ್ನು ಬಗ್ಗಿಸಿ ಓದ್ಸಿದ್ದು ಇದಕ್ಕೇ, ಹೋಗಿದ್ದು ಸರಿನೇ, ನನಗೆ ಅದರಲ್ಲಿ ಸಂತೋಷವೇ ಇದೆ. ಆದ್ರೆ ಡಿಸೆಂಬರಲ್ಲಿ ಹಣ್ಣು ಕೆಂಪಗಾಗಿ ನಿಂತಿರುತ್ತೆ, ಕುಯ್ಯೋಕೆ ಕೈ ಇರಲ್ಲ. ಒಂದು ವರ್ಷ ನಮ್ಮಲ್ಲಿ ಅರೇಬಿಕಾ ಹಣ್ಣು ಗಿಡದಲ್ಲೇ ಒಣಗಿ ಉದುರ್ತು, ಅಕಾಲ ಮಳೆ ಬಂದು ನೆಲದಲ್ಲಿ ಬಿದ್ದಿದ್ದು ಮೊಳಕೆ ಒಡೀತು, ನಾನೂ ನಮ್ಮನೆಯವರೂ ಅತ್ತೆನೂ ರಾತ್ರಿ ಹೆಡ್‌ಲೈಟ್ ಹಾಕ್ಕೊಂಡು ಆರಿಸಿದ್ರೂ ಕಾಲು ಭಾಗ ಸಿಗಲಿಲ್ಲ. ಮುಂದಿನ ವರ್ಷ ಅಸ್ಸಾಂನ ನಾಲ್ಕು ಜನ ಬಂದ್ರು, ಕೊಯ್ಲು ಮುಗೀತು.

ದೇಶದ ಕಾಫೀಲಿ ಸುಮಾರು 70 ಪರ್ಸೆಂಟ್ ಕರ್ನಾಟಕದ್ದು, ಬೆಳೆಗಾರರಲ್ಲಿ ಬಹುಪಾಲು ನಮ್ಮಂಥ ಸಣ್ಣೋರು, ಬೆಳೆದಿದ್ದರಲ್ಲಿ ಹೆಚ್ಚಿನ ಪಾಲು ಹೊರದೇಶಕ್ಕೆ ಹೋಗಿ ಡಾಲರ್ ತರುತ್ತೆ. ಆ ಸರಪಳೀಲಿ ಮೊದಲ ಕೊಂಡಿ ಹಣ್ಣು ಕುಯ್ಯೋ ಕೈ. ಅದು ನಿಂತ್ರೆ ಕಾಫಿ ಬೀಜ ಹದ ಮಾಡೋ ಕ್ಯೂರಿಂಗ್ ವರ್ಕ್ಸ್‌ನವರಿಗೂ ಕೆಲಸ ಇಲ್ಲ, ಲಾರಿಯವರಿಗೂ ಇಲ್ಲ, ಚೀಲ ಹೊಲಿಯೋರಿಗೂ ಇಲ್ಲ.

ಆದ್ರೆ ಕೂಲಿ ರೇಟ್ ಇಳಿಸಿಬಿಡ್ತಾರಲ್ಲ?

ಈ ಪ್ರಶ್ನೇಲಿ ನ್ಯಾಯ ಇದೆ. ಕೆಲವು ಕಡೆ ಇಳಿದಿದೆ, ಇಲ್ಲೇ ಇರೋ ಹೆಣ್ಣುಮಕ್ಕಳು ನನ್ನತ್ರ ಬಂದು ಅತ್ಕೊಂಡಿದಾರೆ, "ಅಕ್ಕ, ಅವರಿಗೆ ಹೇಳಿದ್ರೆ ಸಾಕು ಬರ್ತಾರೆ, ನಮ್ಮನ್ನ ಕರೆಯೋದೇ ಇಲ್ಲ" ಅಂತ. ಆದ್ರೆ ಇಳಿಸೋದು ಬಂದವರಲ್ಲ, ಮಧ್ಯದಲ್ಲಿ ನಿಂತು ತಲೆಗೆ ಇಷ್ಟು ಅಂತ ಹಿಡ್ಕೊಳ್ಳೋ ಕಂಟ್ರಾಕ್ಟರು ಮತ್ತು ಕಡಿಮೆಗೆ ಸಿಕ್ರೆ ಸಾಕು ಅನ್ನೋ ನಮ್ಮಂಥ ಮಾಲೀಕರು. ನಮ್ಮಲ್ಲಿ ಮೊದಲ ವರ್ಷ ಆಳು ಕರ್ಕೊಂಡು ಬಂದ ಒಬ್ಬ ಮೂರು ವಾರದ ಬಟವಾಡೆ ದುಡ್ಡು ಅವರಿಗೆ ಕೊಡದೇ ಹೋಗಿಬಿಟ್ಟ. ನಾವು ಕೊಟ್ಟಾಗಿತ್ತು, ಅವರಿಗೆ ತಲುಪಿರ್ಲಿಲ್ಲ. ಲೈನ್ ಮನೇಲಿ ಅಕ್ಕಿ ಡಬ್ಬ ಖಾಲಿ ಇದ್ದಿದ್ದು ನೋಡಿದ ಮೇಲೇ ನಮಗೆ ಗೊತ್ತಾಗಿದ್ದು. ಅವತ್ತಿಂದ ನೇರ ಅವರ ಬ್ಯಾಂಕ್ ಅಕೌಂಟಿಗೇ ಹಾಕೋದು, ಇಲ್ಲಿಯವರಿಗೆ ಎಷ್ಟೋ ಅವರಿಗೂ ಅಷ್ಟೇ, ಗಂಡಸರಿಗೂ ಹೆಂಗಸರಿಗೂ ಕೆಜಿಗೆ ಒಂದೇ ರೇಟು. ಒಂದೇ ರೇಟಾದ್ರೆ ಇಲ್ಲಿಯವರನ್ನ ಬಿಟ್ಟು ಅವರನ್ನ ಕರೆಯೋಕೆ ಕಾರಣನೇ ಇರಲ್ಲ.

ಕಾನೂನೂ ಇತ್ತು. 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ ಮನೆ, ನೀರು, ಆಸ್ಪತ್ರೆ, ಕೂಸಿನ ತೊಟ್ಟಿಲ ಜಾಗ ಅಂತೆಲ್ಲ ಹೇಳ್ತು, 1979ರಲ್ಲಿ ಬೇರೆ ರಾಜ್ಯದಿಂದ ಬಂದ ಕಾರ್ಮಿಕರಿಗೇ ಅಂತ ಪ್ರತ್ಯೇಕ ಕಾಯ್ದೆ ಬಂತು, ಪಾಸ್‌ಬುಕ್ ಕೊಡಬೇಕು, ಹೋಗಿಬರೋ ಖರ್ಚು ಕೊಡಬೇಕು ಅಂತ. ನಲವತ್ತು ವರ್ಷ ಆ ಕಾಯ್ದೆ ಇದ್ರೂ ನಮ್ಮ ಕಡೆ ಆ ಪಾಸ್‌ಬುಕ್ಕನ್ನ ನಾನು ಒಬ್ಬರ ಕೈಯಲ್ಲೂ ನೋಡ್ಲಿಲ್ಲ.

ದುಡಿದಿದ್ದೆಲ್ಲ ಊರಿಗೆ ಕಳಿಸ್ತಾರೆ, ನಮ್ಮ ಊರಿಗೆ ಏನು ಬಂತು?

ಸಂತೆ ದಿನ ಒಂದ್ಸಲ ಬಂದು ನೋಡಿ. ದಿನಸಿ ಅಂಗಡೀಲಿ ಮೊದಲು ಸಾಸಿವೆ ಎಣ್ಣೆ ಇರ್ತಿರ್ಲಿಲ್ಲ, ಈಗ ಮುಂದಿನ ಸಾಲಲ್ಲೇ ಇರುತ್ತೆ. ಮಸೂರ್ ಬೇಳೆ, ಒಣಮೀನು, ಚಳಿ ಕಂಬಳಿ, ಮೊಬೈಲ್ ರೀಚಾರ್ಜ್, ಮಕ್ಕಳಿಗೆ ಚಪ್ಪಲಿ. ನಮ್ಮ ಅಂಗಡಿ ಶೆಟ್ರು "ಕಿಮಾನ್" ಅಂದ್ರೆ ಎಷ್ಟು ಅಂತ ಕಲ್ತು ತೂಕ ಹಾಕ್ತಾರೆ. ಊರಿಗೆ ಕಳಿಸ್ತಾರೆ ಹೌದು, ತಂದೆ ತಾಯಿಗೆ ಕಳಿಸದೇ ಇರ್ತಾರಾ? ಹೊರದೇಶದಲ್ಲಿರೋ ನಮ್ಮವರು ಮಾಡೋದೂ ಅದನ್ನೇ. 2022ರಲ್ಲಿ ಹಾಗೆ ಭಾರತಕ್ಕೆ ಬಂದ ದುಡ್ಡು 100 ಬಿಲಿಯನ್ ಡಾಲರ್ ದಾಟ್ತು, ಒಂದು ದೇಶಕ್ಕೆ ಅಷ್ಟು ಬಂದಿದ್ದು ಜಗತ್ತಲ್ಲೇ ಮೊದಲು. ಚಿಕ್ಕಮಗಳೂರಲ್ಲಿ, ಹಾಸನದಲ್ಲಿ ಎಷ್ಟು ಮನೆ ಮೇಲೆ ಎರಡನೇ ಮಹಡಿ ಎದ್ದಿರೋದು ಆ ದುಡ್ಡಲ್ಲಿ ಅಂತ ನಿಮಗೂ ಗೊತ್ತು.

ದೊಡ್ಡ ಲೆಕ್ಕಕ್ಕೆ ಹೋದ್ರೆ, ಇರಾನ್ ಬಿಟ್ಟು ಗುಜರಾತಿನ ದಡಕ್ಕೆ ಬಂದ ಪಾರ್ಸಿಗಳು ದೇಶದಲ್ಲಿ ಬೆರಳೆಣಿಕೆ ಜನ. ಅವರಲ್ಲೊಬ್ಬರು ಜಮ್‌ಶೆಟ್‌ಜಿ ಟಾಟಾ, ಅವರ ಕನಸಿಗೆ ಮೈಸೂರು ಅರಸರು ಜಾಗ ಕೊಟ್ಟು 1909ರಲ್ಲಿ ಬೆಂಗಳೂರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಆಯ್ತು. ಬೆಂಗಳೂರು ಇವತ್ತು ಏನಾಗಿದೆಯೋ ಅದರ ಒಂದು ಬೇರು ಅಲ್ಲಿದೆ.

ಇವರೆಲ್ಲ ಬಂದು ಕನ್ನಡ ಹಾಳಾಗಲ್ವಾ?

ಕನ್ನಡ ಕಲೀಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಕಲಿಸೋ ಕೆಲಸ ಯಾರ್ದು ಅನ್ನೋದಷ್ಟೇ ಮಾತು. ನಾವೇ ಅವರ ಹತ್ರ "ತುಮ್ ಉದರ್ ಜಾವ್" ಅಂತ ಅರೆಬರೆ ಹಿಂದಿ ಮಾತಾಡಿ ಆಮೇಲೆ ಕನ್ನಡ ಬರಲ್ಲ ಅಂದ್ರೆ ಹೆಂಗೆ. ನಾನು ಮೊದಲ ದಿನದಿಂದ ಕನ್ನಡದಲ್ಲೇ ಮಾತಾಡೋದು, ಕೈ ತೋರಿಸಿ, "ಕೆಂಪು ಹಣ್ಣು ಮಾತ್ರ, ಹಸಿರು ಬೇಡ" ಅಂತ. ಎರಡು ತಿಂಗಳಿಗೆ ತೋಟದ ಮಾತಷ್ಟೂ ಬಂತು.

ನಮ್ಮ ಲೈನಲ್ಲಿ ಒಂದು ಏಳು ವರ್ಷದ ಹುಡುಗಿ ಇದಾಳೆ. ಅವರಮ್ಮನಿಗೆ ಜ್ವರ ಬಂದಾಗ ಪಿಎಚ್‌ಸಿಗೆ ಕರ್ಕೊಂಡು ಹೋಗಿದ್ದೆ. ಡಾಕ್ಟರು ಕೇಳಿದ್ದನ್ನ ಇವಳು ಅಮ್ಮನಿಗೆ ಅವರ ಮಾತಲ್ಲಿ ಹೇಳೋದು, ಅಮ್ಮ ಹೇಳಿದ್ದನ್ನ ಕನ್ನಡದಲ್ಲಿ ವಾಪಸ್ ಹೇಳೋದು. ಮಾತ್ರೆ ಕೊಟ್ಟಾಗ "ಊಟ ಆದ್ಮೇಲಾ, ಮುಂಚೆನಾ ಮೇಡಂ?" ಅಂತ ಅವಳೇ ಕೇಳಿದ್ಳು. ಪಕ್ಕಾ ಮೂಡಿಗೆರೆ ರಾಗ. ಡಾಕ್ಟರು ಪೆನ್ನು ಕೆಳಗಿಟ್ಟು ಅವಳ ಮುಖ ನೋಡಿದ್ರು.

ಇನ್ನು ಹಳೇದಕ್ಕೆ ಬಂದ್ರೆ, 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ ಹೊರಡಿಸಿದ್ದು ಹರ್ಮನ್ ಮೋಗ್ಲಿಂಗ್, 1894ರಲ್ಲಿ ಅಷ್ಟು ದಪ್ಪ ಕನ್ನಡ ನಿಘಂಟು ಹೊರತಂದಿದ್ದು ಫರ್ಡಿನೆಂಡ್ ಕಿಟೆಲ್, ಇಬ್ಬರೂ ಜರ್ಮನಿಯಿಂದ ಬಾಸೆಲ್ ಮಿಷನ್ ಅನ್ನೋ ಕ್ರಿಶ್ಚಿಯನ್ ಸಂಸ್ಥೆ ಕಡೆಯಿಂದ ಧರ್ಮ ಪ್ರಚಾರಕ್ಕೆ ಅಂತ ಬಂದೋರು. ಅದೇ ಬಾಸೆಲ್ ಮಿಷನ್‌ನವರು ಮಂಗಳೂರಲ್ಲಿ ಶುರು ಮಾಡಿದ ಹೆಂಚು ಘಟ್ಟ ಹತ್ತಿ ಬಂದು ನಮ್ಮ ಮನೆ ಮಾಡಿನ ಮೇಲೆ ಕೂತಿದೆ. ಮನೆ ಮಾತು ಮರಾಠಿಯಾಗಿದ್ದ ಬೇಂದ್ರೆ, ತಮಿಳಾಗಿದ್ದ ಮಾಸ್ತಿ ಇಬ್ಬರೂ ಕನ್ನಡಕ್ಕೇ ಜ್ಞಾನಪೀಠ ತಂದ್ರು. ಮೇಸ್ತ್ರಿ, ಪಗಾರ, ಚಾವಿ, ಇಸ್ತ್ರಿ ಇವೆಲ್ಲ ಪೋರ್ಚುಗೀಸ್ ಮೂಲದ ಮಾತುಗಳು, ವಕೀಲ ಜಮೀನು ದಫ್ತರ ಆ ಕಡೆಯ ಅರಬ್ಬಿ, ಪರ್ಷಿಯನ್ ಮಾತುಗಳು. ತೋಟದಲ್ಲಿ ಒಂದು ದಿನ ಮೇಸ್ತ್ರಿ ಅನ್ನದೇ ಕೆಲಸ ಮಾಡ್ಸಿ ನೋಡೋಣ.

ಅಸ್ಸಾಂ ಅಂತ ಹೇಳ್ಕೊಂಡು ಬಾಂಗ್ಲಾದೇಶದವರು ಬರ್ತಿದಾರಂತೆ, ನಿಜನಾ?

ಪೌರತ್ವ ನೋಡೋದು ಪೊಲೀಸರ, ಸರ್ಕಾರದ ಕೆಲಸ, ಅದಕ್ಕೆ ಕಾನೂನಿದೆ. ಕೆಲಸಕ್ಕೆ ಇಟ್ಕೊಳ್ಳೋರು ಗುರುತಿನ ಚೀಟಿ ಕಾಪಿ ತಗೊಂಡು ಇಟ್ಕೊಳ್ಳಿ, ಠಾಣೆಗೆ ಮಾಹಿತಿ ಕೊಡಿ ಅಂದ್ರೆ ಕೊಡಿ. ಒರಿಜಿನಲ್ ಮಾತ್ರ ಇಟ್ಕೋಬೇಡಿ, ಅದು ಅವರದ್ದು. ಆದ್ರೆ ದಾರೀಲಿ ನಿಲ್ಲಿಸಿ ಮುಖ ನೋಡಿ, ಬಂಗಾಳಿ ಮಾತಾಡಿದ್ದು ಕೇಳಿ ಇವನು ಆ ದೇಶದವನು ಅಂತ ತೀರ್ಮಾನ ಮಾಡೋದು ತಪ್ಪು. ಬಂಗಾಳಿ ಪಶ್ಚಿಮ ಬಂಗಾಳ, ತ್ರಿಪುರದ ಭಾಷೆ, ಅಸ್ಸಾಂನದೇ ಬರಾಕ್ ಕಣಿವೆ ಭಾಷೆ. 1961ರ ಮೇ 19ಕ್ಕೆ ಅಲ್ಲಿನ ಸಿಲ್ಚಾರ್‌ನಲ್ಲಿ ತಮ್ಮ ಭಾಷೆ ಉಳಿಸ್ಕೊಳ್ಳೋಕೆ ಹೋರಾಡಿ 11 ಜನ ಗುಂಡೇಟಿಗೆ ಸತ್ತಿದಾರೆ. ಭಾಷೆಗಾಗಿ ಬೀದಿಗಿಳಿದ ನಾಡಿನವರು ನಾವು, ನಮಗೆ ಇದು ಬೇಗ ಅರ್ಥ ಆಗಬೇಕು.

ಇನ್ನೊಂದು ಹೇಳ್ಬೇಕು. ನಮ್ಮ ಲೈನಲ್ಲಿರೋ ಕುಟುಂಬ ಮನೇಲಿ ಮಾತಾಡೋದು ಅಸ್ಸಾಮಿನೂ ಅಲ್ಲ ಬಂಗಾಳಿನೂ ಅಲ್ಲ, ಸಾದ್ರಿ. ಅದು ಛೋಟಾನಾಗ್ಪುರದ, ಈಗಿನ ಜಾರ್ಖಂಡ್ ಕಡೆಯ ಮಾತು. 19ನೇ ಶತಮಾನದಲ್ಲಿ ಬ್ರಿಟಿಷರು ಅಸ್ಸಾಂನಲ್ಲಿ ಟೀ ತೋಟ ಹಾಕಿದಾಗ ಆ ಕಡೆಯ ಆದಿವಾಸಿಗಳನ್ನ ಸಾವಿರ ಸಾವಿರ ಲೆಕ್ಕದಲ್ಲಿ ಕರ್ಕೊಂಡು ಹೋದ್ರು. ಅವರ ಮೊಮ್ಮಕ್ಕಳ ಮಕ್ಕಳು ಈಗ ನಮ್ಮ ಕಾಫಿ ತೋಟಕ್ಕೆ ಬಂದಿದಾರೆ. ಲೈನ್ ಮನೆ ಅಂದ್ರೆ ಏನು ಅಂತ ನಾನು ಅವರಿಗೆ ಹೇಳ್ಕೊಡಬೇಕಾಗಿ ಬರಲಿಲ್ಲ, ಅವರ ಅಲ್ಲಿನ ತೋಟದಲ್ಲೂ ಅದಕ್ಕೆ ಲೈನ್ ಅಂತಾನೇ ಹೆಸರು.

ಬೇರೆ ದೇಶಗಳಲ್ಲಿ ಹೊರಗಿಂದ ಬಂದವರು ಏನು ಮಾಡಿದಾರೆ?

ಮಾರಿಷಸ್ ತಗೊಳ್ಳಿ. 1834ರಿಂದ ನಮ್ಮ ದೇಶದ ಕೂಲಿಗಳನ್ನ ಕರಾರು ಬರೆಸ್ಕೊಂಡು ಕಬ್ಬಿನ ಗದ್ದೆಗೆ ಸಾಗಿಸಿದ್ರು, ಅವರು ಇಳಿದ ಆಪ್ರವಾಸಿ ಘಾಟ್ ಈಗ ಯುನೆಸ್ಕೋ ತಾಣ, ಅವರ ವಂಶದವರೇ ಆ ದೇಶದ ಪ್ರಧಾನಿಗಳಾದ್ರು. ಅಮೆರಿಕದಲ್ಲಿ 1869ರಲ್ಲಿ ಪೂರ್ವ ಪಶ್ಚಿಮ ಕೂಡಿಸಿದ ರೈಲು ದಾರೀಲಿ ಪಶ್ಚಿಮದ ಕಡೆಯ ಬೆಟ್ಟ ಒಡೆದೋರು ಹೆಚ್ಚಿನವರು ಚೀನಾದವರು. 1882ರಲ್ಲಿ ಅದೇ ದೇಶ ಚೀನಾದ ಕೆಲಸಗಾರರು ಬರಬಾರದು ಅಂತ ಕಾನೂನು ಮಾಡ್ತು. 1946ರಲ್ಲಿ ಭಾರತೀಯರಿಗೆ ಬಾಗಿಲು ತೆಗೆದಾಗ ವರ್ಷಕ್ಕೆ ಎಷ್ಟು ಜನಕ್ಕೆ ಅಂತೀರಿ? 100. ಇಡೀ ದೇಶಕ್ಕೆ ನೂರು. 1965ರ ಕಾನೂನು ಬಂದ ಮೇಲೇ ನಮ್ಮ ಡಾಕ್ಟರು ಇಂಜಿನಿಯರುಗಳು ಹೋಗೋಕೆ ಆಗಿದ್ದು. ನಮ್ಮ ಓರಗಿತ್ತಿ ಮಗ ಅಲ್ಲಿದಾನೆ. ವೀಸಾ ವಿಷಯ ಟೀವೀಲಿ ಬಂದ ದಿನ ಮನೆಯವರಿಗೆಲ್ಲ ನಿದ್ದೆ ಇರಲ್ಲ. ನಮ್ಮ ಲೈನಿನವರ ಅಮ್ಮನೂ ಅಲ್ಲಿ ಹಾಗೇ ಕೂತಿರ್ತಾಳೆ.

ನಿರಾಶ್ರಿತರಾಗಿ ಬಂದವರ ಕತೆ?

ಹತ್ತಿರದಲ್ಲೇ ಬೈಲಕುಪ್ಪೆ ಇದೆ. 1960ರ ಹೊತ್ತಿಗೆ ಮೈಸೂರು ಸರ್ಕಾರ ಟಿಬೆಟ್‌ನವರಿಗೆ ಕಾಡು ಜಾಗ ಕೊಟ್ಟಿದ್ದು, ಚಳಿ ದೇಶದಿಂದ ಬಂದೋರು ಇಲ್ಲಿನ ಬಿಸಿಲಲ್ಲಿ ಕಾಡು ಸವರಿ ಜೋಳ ಬೆಳೆದ್ರು. ಈಗ ಅಲ್ಲಿನ ಸ್ವರ್ಣ ದೇವಾಲಯ ನೋಡೋಕೆ ಬರೋ ಜನದಿಂದ ಕುಶಾಲನಗರ ಕಡೆಯ ಎಷ್ಟೋ ಹೋಟೆಲು ಆಟೋ ನಡೀತಿವೆ. ಸುಳ್ಯ ಪುತ್ತೂರು ಕಡೆಯ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ 1964ರ ಒಪ್ಪಂದದ ನಂತರ ಶ್ರೀಲಂಕಾದಿಂದ ವಾಪಸ್ ಬಂದ ತಮಿಳು ಕುಟುಂಬಗಳಿವೆ. ಹೇಮಾವತಿ ಅಣೆಕಟ್ಟೆ ಕಟ್ಟಿದಾಗ ಊರು ಮುಳುಗಿ ಎದ್ದು ಹೋದ ನಮ್ಮವರೂ ಇದಾರೆ, ಶೆಟ್ಟಿಹಳ್ಳಿಯ ಮುಳುಗೋ ಚರ್ಚ್ ಮುಂದೆ ಫೋಟೋ ತೆಗೆಸ್ಕೊಳ್ಳುವಾಗ ಸುತ್ತ ಇದ್ದ ಊರುಗಳನ್ನೂ ಒಂದು ಕ್ಷಣ ನೆನೀರಿ.

ಮಕ್ಕಳನ್ನ ಸ್ಕೂಲಿಗೆ ಸೇರಿಸಬಹುದಾ? ಟಿಸಿ ಇರಲ್ಲ.

ಸೇರಿಸಬಹುದು. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ 6ರಿಂದ 14 ವರ್ಷದ ಮಗುಗೆ ಜನನ ಪತ್ರ ಇಲ್ಲ, ಟಿಸಿ ಇಲ್ಲ ಅಂತ ದಾಖಲಾತಿ ತಡೆಯೋ ಹಾಗಿಲ್ಲ, ವಯಸ್ಸಿಗೆ ತಕ್ಕ ಕ್ಲಾಸಿಗೇ ಸೇರಿಸ್ಕೋಬೇಕು. ಮೇಲೆ ಹೇಳಿದ ಹುಡುಗಿನ ಕರ್ಕೊಂಡು ಹೋದಾಗ ಒಂದು ಸ್ಕೂಲಲ್ಲಿ ಆಗಲ್ಲ ಅಂದ್ರು, ಮೂರು ಸಲ ಓಡಾಡಿದೆ. ಇನ್ನೊಂದು ಶಾಲೆಯ ಟೀಚರ್ ಒಂದೇ ಮಾತಿಗೆ ಹೆಸರು ಬರ್ಕೊಂಡ್ರು. ಮಕ್ಕಳ ಸಂಖ್ಯೆ ಕಮ್ಮಿ ಅಂತ ಮುಚ್ಚೋ ಹಂತದಲ್ಲಿದ್ದ ಶಾಲೆ ಅದು, ಈಗ ಅಲ್ಲಿ ಪ್ರಾರ್ಥನೆಗೆ ನಿಲ್ಲೋ ಸಾಲಲ್ಲಿ ಅರ್ಧ ಲೈನಿನ ಮಕ್ಕಳೇ.

ರೇಷನ್?

ಒಂದು ದೇಶ ಒಂದು ಪಡಿತರ ಚೀಟಿ ಯೋಜನೇಲಿ ಅವರ ರಾಜ್ಯದ ಕಾರ್ಡಿಗೆ ಇಲ್ಲಿನ ನ್ಯಾಯಬೆಲೆ ಅಂಗಡೀಲಿ ಅಕ್ಕಿ ಸಿಗುತ್ತೆ, ಆಧಾರ್ ಲಿಂಕ್ ಆಗಿರ್ಬೇಕು. ಕಾರ್ಮಿಕರಿಗೆ ಇ-ಶ್ರಮ್ ಕಾರ್ಡ್ 2021ರಿಂದ ಇದೆ, ಮಾಡಿಸಿಕೊಡಿ.

ಇಷ್ಟು ಹೇಳ್ತೀರಲ್ಲ, ತೊಂದರೆ ಏನೂ ಇಲ್ವಾ?

ಇದೆ. ಒಂದೇ ರೂಮಲ್ಲಿ ಎಂಟು ಜನನ ತುಂಬ್ತಾರೆ, ಟಾಯ್ಲೆಟ್ ಇರಲ್ಲ, ಹೊಳೆ ಕೊಳೆಯಾಗುತ್ತೆ, ಆಮೇಲೆ ಬೈಸ್ಕೊಳ್ಳೋದು ಅವರು. ಶನಿವಾರ ಕುಡಿದು ಜಗಳ ಆಗುತ್ತೆ, ನಮ್ಮೂರವರದ್ದೂ ಆಗುತ್ತೆ. ಆನೆ ಓಡಾಡೋ ದಾರಿ ಅವರಿಗೆ ಗೊತ್ತಿರಲ್ಲ, ಬೆಳಗಿನ ಮಂಜಲ್ಲಿ ಒಬ್ಬೊಬ್ಬರೇ ಹೊರಡ್ತಾರೆ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆ ಆನೆಗೆ ಸಿಕ್ಕಿ ಸತ್ತವರಲ್ಲಿ ತೋಟದ ಕೆಲಸದವರು ಇದಾರೆ. ಆನೆ ಬಂದಿದೆ ಅನ್ನೋ ಮೆಸೇಜು ಕನ್ನಡದಲ್ಲಿ ಬರುತ್ತೆ, ಅವರಿಗೆ ಓದೋಕೆ ಬರಲ್ಲ. ಮೆಸೇಜ್ ಬಂದ ತಕ್ಷಣ ಲೈನಿಗೆ ಹೋಗಿ ಬಾಯಲ್ಲಿ ಹೇಳಿ, ಮೊದಲು ಇದೊಂದು ಮಾಡಿ, ದಯವಿಟ್ಟು.

ಇವರು ಇಲ್ಲೇ ಉಳಿದುಬಿಡ್ತಾರಾ, ವಾಪಸ್ ಹೋಗ್ತಾರಾ?

ದೇಶದ ಯಾವ ಮೂಲೆಗಾದ್ರೂ ಹೋಗಿ ಇರೋಕೆ ಸಂವಿಧಾನದ 19ನೇ ವಿಧಿ ಹಕ್ಕು ಕೊಟ್ಟಿದೆ, ನಮಗೂ ಅವರಿಗೂ. ಕೆಲವರು ಉಳೀತಾರೆ, ಕೆಲವರು ಹೋಗ್ತಾರೆ. ನಮ್ಮ ಲೈನಿನವರು ಪ್ರತಿ ವರ್ಷ ರೋಬಸ್ಟಾ ಕೊಯ್ಲು ಮುಗಿದು, ಕಾಫಿ ಹೂ ಅರಳಿಸೋ ಹೂ ಮಳೆ ಬಿದ್ದ ಮೇಲೆ ಏಪ್ರಿಲಲ್ಲಿ ಬಿಹು ಹಬ್ಬಕ್ಕೆ ಹೊರಡ್ತಾರೆ, ಬೆಂಗಳೂರಿಗೆ ಬಸ್ಸು, ಅಲ್ಲಿಂದ ಗುವಾಹಟಿಗೆ ಎರಡು ರಾತ್ರಿಗೂ ಜಾಸ್ತಿ ರೈಲು. ಈ ಸಲ ಆ ಹುಡುಗಿಗೆ ಪರೀಕ್ಷೆ ಮುಗಿಯೋವರೆಗೂ ಹೋಗೋಕೆ ಮನಸ್ಸಿರ್ಲಿಲ್ಲ, ಅವರಪ್ಪ ಟಿಕೆಟ್ ಮುಂದಕ್ಕೆ ಹಾಕಿಸಿದ್ರು. ಹೊರಡೋ ದಿನ ಅವರಜ್ಜಿಗೆ ಅಂತ ಅತ್ತೆ ಅರ್ಧ ಕೆಜಿ ಕಾಫಿಪುಡಿ ಕಟ್ಟಿ ಕೊಟ್ರು, ಅವಳು ಅದನ್ನ ಸ್ಕೂಲ್ ಬ್ಯಾಗಲ್ಲಿ ಕನ್ನಡ ಪುಸ್ತಕದ ಪಕ್ಕ ಇಟ್ಕೊಂಡು, "ಅಜ್ಜಿಗೆ ಟೀ ಮಾತ್ರ ಮಾಡೋಕೆ ಬರೋದು ಆಂಟಿ, ನಾನೇ ಮಾಡಿ ಕೊಡ್ತೀನಿ" ಅಂದ್ಳು.